ಮೊರಕ್ಕೆ ಬಂದ ಹುಳ, ಮೊರಕ್ಕೆ ಬಾರದ ಹಕ್ಕಿ: ಕಾಳಿನ ನುಸಿ ಮತ್ತು ತಾಳೆ ಬಾನಾಡಿಯ ಒಂದು ಹೋಲಿಕೆ

ಕನ್ನಡ ಎಂ.ಎ. ಓದುವವಳಿಗೆ ಹುಳ, ಹಕ್ಕಿಯ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ನನ್ನ ವಿಷಯ ಪ್ರಾಣಿಶಾಸ್ತ್ರ ಅಲ್ಲ, ಹೆಸರು. ಒಂದು ಭಾಷೆ ಯಾವುದಕ್ಕೆ ಹೆಸರಿಡುತ್ತದೆ, ಯಾವುದನ್ನು ಹೆಸರಿಲ್ಲದೆ ಬಿಡುತ್ತದೆ, ಯಾಕೆ ಬಿಡುತ್ತದೆ ಅನ್ನೋದು ಪ್ರಶ್ನೆ. ಇದನ್ನು ಗಾಳಿಯಲ್ಲಿ ಚರ್ಚಿಸುವ ಬದಲು ಎರಡು ಜೀವಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ ಅಂತ ಹೊರಟೆ. ಎರಡೂ ನಮ್ಮ ಎಮ್ಮಿಗನೂರಿನ ಆಸುಪಾಸಿನಲ್ಲಿ ಇರುವವೇ. ಒಂದು, ಕಾಳಿನೊಳಗೆ ಹುಟ್ಟುವ ಪುಟ್ಟ ದುಂಬಿ. ಇನ್ನೊಂದು, ತಾಳೆಗರಿಯ ಅಡಿಯಲ್ಲಿ ಗೂಡು ಕಟ್ಟುವ ಬಾನಾಡಿ.

ಊರಿನ ಬಗ್ಗೆ ಎರಡು ಮಾತು ಬೇಕು. ಎಮ್ಮಿಗನೂರು ಇರುವುದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ದಿನ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಬಂತು, ನಾವು ಗಡಿಯ ಆಚೆ ಉಳಿದೆವು. ಹಾಗಾಗಿ ನಮ್ಮಲ್ಲಿ ಬೀದಿಯಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ. ಕಪ್ಪು ನೆಲ. ಕಡಲೆ, ತೊಗರಿ, ಜೋಳ, ಹತ್ತಿ ಬೆಳೆಯುವ ಸೀಮೆ. ಊರೊಳಗೆ ಮಗ್ಗ. ಇಷ್ಟು ಸಾಕು.

ಈಗ ಮೊದಲನೆಯ ಜೀವಿ. ನಾವು ನುಸಿ ಅನ್ನೋದು ಒಂದೇ ಹುಳಕ್ಕಲ್ಲ. ಅಕ್ಕಿಯಲ್ಲಿ ಕಾಣುವ ಮೂತಿ ಉದ್ದದ ಹುಳವೂ ನುಸಿ, ಕಡಲೆ, ತೊಗರಿ, ಹೆಸರು, ಅಲಸಂದೆಯಲ್ಲಿ ಕಾಣುವ ಮೂತಿಯಿಲ್ಲದ ಹುಳವೂ ನುಸಿ. ನಾನು ಹೇಳುತ್ತಿರುವುದು ಎರಡನೆಯದು. ವಿಜ್ಞಾನಿಗಳು ಇದರ ಕುಲವನ್ನು ಕ್ಯಾಲೊಸೊಬ್ರೂಕಸ್ ಎನ್ನುತ್ತಾರೆ. ಉದ್ದ ಮೂರು, ನಾಲ್ಕು ಮಿಲಿಮೀಟರ್. ಕಂದು ಮೈ. ದುಂಬಿಗಳಲ್ಲಿ ಮುಂದಿನ ಜೋಡಿ ರೆಕ್ಕೆ ಹಾರೋದಕ್ಕಲ್ಲ, ಮುಚ್ಚಳದ ಕೆಲಸಕ್ಕೆ. ಅದರ ಅಡಿಯಲ್ಲಿ ಮಡಿಸಿಟ್ಟ ತೆಳು ರೆಕ್ಕೆಯೇ ಹಾರುವ ರೆಕ್ಕೆ. ಈ ಹುಳದ ಮುಚ್ಚಳ ಸ್ವಲ್ಪ ಗಿಡ್ಡ, ಹಿಂಭಾಗ ಪೂರ್ತಿ ಮುಚ್ಚುವುದಿಲ್ಲ. ಗಿಡ್ಡ ಅಂಗಿ ತೊಟ್ಟ ಹುಡುಗನ ಹಾಗೆ ಕಾಣುತ್ತದೆ.

ಎರಡನೆಯದು ತಾಳೆ ಬಾನಾಡಿ. ಇಂಗ್ಲಿಷಿನಲ್ಲಿ ಏಷ್ಯನ್ ಪಾಮ್ ಸ್ವಿಫ್ಟ್. ಉದ್ದ ಸುಮಾರು 13 ಸೆಂಟಿಮೀಟರ್, ತೂಕ ಹತ್ತು ಗ್ರಾಂ ಆಸುಪಾಸು. ಹೊಗೆಯ ಬಣ್ಣ, ಕುಡುಗೋಲಿನಂತೆ ಬಾಗಿದ ನೀಳ ರೆಕ್ಕೆ, ಕವಲಾದ ಬಾಲ. ನಮ್ಮೂರಿನವರಿಗೆ ಇನ್ನೂ ಸುಲಭವಾಗಿ ಹೇಳಬೇಕಂದರೆ, ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಹಾಗೆ ತಾಳೆಮರಗಳ ನಡುವೆ ಓಡುವ ಹಕ್ಕಿ. ತಿನ್ನೋದು ಹಾರುತ್ತಲೇ: ರೆಕ್ಕೆ ಬಂದ ಇರುವೆ, ನೊಣ, ಗಾಳಿಗೆ ಸಿಕ್ಕ ಸಣ್ಣ ಹುಳಗಳು. ಕಾಲು ತೀರಾ ಚಿಕ್ಕದು. ನೇರ ನಿಂತ ಗೋಡೆಗೆ, ಗರಿಗೆ ಉಗುರು ಸಿಗಿಸಿ ನೇತಾಡಬಲ್ಲದೇ ಹೊರತು ಗುಬ್ಬಿಯಂತೆ ಕೊಂಬೆ ಹಿಡಿದು ಕೂರಲಾರದು. ಯುರೋಪಿನ ಬಾನಾಡಿಯ ಕುಲಕ್ಕೆ ಏಪಸ್ ಎಂಬ ಹೆಸರಿದೆ. ಗ್ರೀಕಿನಲ್ಲಿ ಕಾಲಿಲ್ಲದ್ದು ಅಂತ ಅರ್ಥ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಆ ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ನೋಡಿ, ಕೆಲವು ಹಕ್ಕಿಗಳು ಹತ್ತು ತಿಂಗಳು ಒಮ್ಮೆಯೂ ಇಳಿಯದೆ ಹಾರಿದ್ದನ್ನು 2016ರಲ್ಲಿ ಪ್ರಕಟಿಸಿದರು. ನಮ್ಮ ತಾಳೆ ಬಾನಾಡಿ ಅಷ್ಟು ವಿರಾಗಿ ಅಲ್ಲ. ರಾತ್ರಿ ತನ್ನ ತಾಳೆಗರಿಗೆ ಮರಳುತ್ತದೆ.

ಒಂದು ಬೆರಳತುದಿಯ ಹುಳ, ಒಂದು ಅಂಗೈಯಗಲದ ಹಕ್ಕಿ. ಆರು ಕಾಲಿನದು, ಎರಡು ಕಾಲಿನದು. ಇವನ್ನು ಹೋಲಿಸೋದು ಆಡಿಗೂ ಆನೆಗೂ ಗಂಟು ಹಾಕಿದ ಹಾಗಲ್ವಾ ಅಂತ ಕೇಳಬಹುದು. ರೂಪ ನೋಡಿದರೆ ಹೌದು. ಕೆಲಸ ನೋಡಿದರೆ ಇವೆರಡೂ ಒಂದೇ ಕಸುಬಿನವು. ಆ ಕಸುಬಿನ ಹೆಸರು ಅಂಟು.

ಹೆಣ್ಣು ನುಸಿ ಮೊಟ್ಟೆಯನ್ನು ಕಾಳಿನ ಸಿಪ್ಪೆಯ ಮೇಲೆ ಅಂಟಿಸುತ್ತದೆ. ಅದರ ಮೈಯಿಂದ ಬರುವ ದ್ರವ ಒಣಗಿ, ಮೊಟ್ಟೆ ಕಾಳಿಗೆ ಕಚ್ಚಿಕೊಳ್ಳುತ್ತದೆ. ಕಾಳು ಉರುಳಿದರೂ ಕೇರಿದರೂ ಬಿಡುವುದಿಲ್ಲ. ಮರಿಹುಳ ಮೊಟ್ಟೆ ಒಡೆದು ಹೊರಗೆ ಬರುವುದೇ ಇಲ್ಲ. ಮೊಟ್ಟೆಯ ತಳದಿಂದಲೇ ನೇರ ಕಾಳಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಕೊರೆದ ಪುಡಿ ಖಾಲಿ ಮೊಟ್ಟೆಯೊಳಗೆ ತುಂಬಿ ಅದು ಬೆಳ್ಳಗಾಗುತ್ತದೆ. ನಾವು ಕಡಲೆಯ ಮೇಲೆ ನೋಡುವ ಬಿಳಿ ಚುಕ್ಕೆ ಅದೇ. ಆ ಮರಿ ಇನ್ನೊಂದು ಕಾಳಿಗೆ ಹೋಗಲಾರದು. ತಾಯಿ ಯಾವ ಕಾಳು ಆರಿಸಿದಳೋ ಅದೇ ಅದರ ಊಟ, ಅದೇ ಮನೆ. ಒಳಗೆ ಬೆಳೆದು, ಹೊರಬರುವ ಜಾಗದಲ್ಲಿ ತೆಳು ಸಿಪ್ಪೆಯಷ್ಟೇ ಉಳಿಸಿ ದುಂಡನೆಯ ಕಿಂಡಿ ಮಾಡಿಕೊಂಡು, ದುಂಬಿಯಾದ ಮೇಲೆ ಅದನ್ನು ತಳ್ಳಿ ಬರುತ್ತದೆ.

ತಾಳೆ ಬಾನಾಡಿ ಏನು ಮಾಡುತ್ತದೆ ನೋಡಿ. ತಾಳೆಗರಿಯ ಅಡಿಭಾಗಕ್ಕೆ ಪುಕ್ಕ, ಹತ್ತಿಯಂಥ ನವಿರು ನಾರನ್ನು ತನ್ನ ಜೊಲ್ಲಿನಿಂದ ಅಂಟಿಸಿ ಒಂದು ಪುಟ್ಟ ತಟ್ಟೆಯಂಥ ಗೂಡು ಮಾಡುತ್ತದೆ. ಗರಿ ಗಾಳಿಗೆ ಓಲಾಡುತ್ತಲೇ ಇರುತ್ತದೆ. ಮೊಟ್ಟೆ ಬಿದ್ದುಹೋಗಬಾರದಲ್ಲ, ಹಾಗಾಗಿ ಎರಡು ಮೂರು ಮೊಟ್ಟೆಗಳನ್ನೂ ಜೊಲ್ಲಿನಿಂದಲೇ ಅಂಟಿಸುತ್ತದೆ. ಮರಿ ಹೊರಬಂದ ಮೇಲೆ ಉಗುರಿನಿಂದ ಗರಿಯನ್ನು ಕಚ್ಚಿ ಹಿಡಿದು ನೇತಾಡುತ್ತಾ ಬೆಳೆಯುತ್ತದೆ. ಇದರ ನೆಂಟರು ಕೆಲವರು ಆಗ್ನೇಯ ಏಷ್ಯಾದಲ್ಲಿ ಬರೀ ಜೊಲ್ಲಿನಿಂದಲೇ ಗೂಡು ಕಟ್ಟುತ್ತಾರೆ. ಚೀನೀಯರು ಸೂಪು ಮಾಡಿ ಕುಡಿಯುವುದು ಆ ಗೂಡನ್ನೇ.

ಅಂದರೆ ಎರಡೂ ತಮ್ಮದಲ್ಲದ ಒಂದು ವಸ್ತುವಿಗೆ ತಮ್ಮ ಮೈಯ ಅಂಟಿನಿಂದ ಸಂತಾನವನ್ನು ಜೋಡಿಸಿಡುತ್ತವೆ. ಹುಳ ಕಾಳನ್ನು ನಂಬಿದೆ, ಹಕ್ಕಿ ಗರಿಯನ್ನು ನಂಬಿದೆ. ಕಾಳನ್ನು ಕುದಿಸಿದರೆ ಹುಳ ಹೋಯ್ತು, ಗರಿ ಕಡಿದರೆ ಹಕ್ಕಿಯ ಸಂಸಾರ ಹೋಯ್ತು. ಎರಡರ ಹಣೆಬರಹವೂ ನಮ್ಮ ಕೈಯಲ್ಲಿದೆ.

ಇಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ. ಹೆಣ್ಣು ನುಸಿ ಬದುಕುವುದು ಒಂದೆರಡು ವಾರ. ಉಗ್ರಾಣದಲ್ಲಿ ಬೆಳೆದ ದುಂಬಿ ಏನೂ ತಿನ್ನದೆಯೇ ಸಂಸಾರ ಮುಗಿಸಬಲ್ಲದು. ಅಷ್ಟರಲ್ಲಿ ನೂರರ ಸಮೀಪ ಮೊಟ್ಟೆ. ನಮ್ಮ ಬೇಸಿಗೆಯ ಬಿಸಿಯಲ್ಲಿ ಒಂದು ತಲೆಮಾರಿಗೆ ತಿಂಗಳು ಸಾಕು. ಒಂದು ಲೆಕ್ಕ ಹಾಕಿ: ನೂರರಲ್ಲಿ ಅರ್ಧ ಹೆಣ್ಣು, ಒಂದೂ ಸಾಯಲಿಲ್ಲ ಅಂತಿಟ್ಟುಕೊಂಡರೆ ಎರಡನೆಯ ತಲೆಮಾರಿಗೆ 5,000, ಮೂರನೆಯದಕ್ಕೆ 2,50,000. ನಿಜದಲ್ಲಿ ಅಷ್ಟಾಗುವುದಿಲ್ಲ, ಆದರೆ ಸಂಕ್ರಾಂತಿಗೆ ತುಂಬಿಟ್ಟ ಚೀಲ ಯುಗಾದಿ ದಾಟಿದ ಮೇಲೆ ಯಾಕೆ ಹಿಟ್ಟಾಗಿರುತ್ತೆ ಅನ್ನೋದು ಇದರಿಂದ ತಿಳಿಯುತ್ತದೆ. ಬಾನಾಡಿಯದು ಎರಡು ಮೂರೇ ಮೊಟ್ಟೆ. ತಂದೆತಾಯಿ ಇಬ್ಬರೂ ಗಾಳಿಯಲ್ಲಿ ಹಿಡಿದ ಹುಳಗಳನ್ನು ಗಂಟಲಲ್ಲಿ ಜೊಲ್ಲು ಕೂಡಿಸಿ ಉಂಡೆ ಮಾಡಿ ತಂದು ಮರಿಗೆ ಕೊಡುತ್ತವೆ. ಒಂದರದು ಎಣಿಕೆಯ ಬಲ, ಇನ್ನೊಂದರದು ಆರೈಕೆಯ ಬಲ.

ಹಾಗಾದರೆ ನುಸಿ ಹಾರುವುದೇ ಇಲ್ಲವೇ? ಇದು ನನಗೆ ಓದಿನಲ್ಲಿ ಸಿಕ್ಕ ಅತಿ ಆಶ್ಚರ್ಯದ ಸಂಗತಿ. ಅಲಸಂದೆ ಕಾಳಿನ ನುಸಿಯಲ್ಲಿ ಎರಡು ಬಗೆಯ ದುಂಬಿ ಹುಟ್ಟುತ್ತವೆ. ಕಳೆದ ಶತಮಾನದಲ್ಲಿ ಜಪಾನಿನ ಕೀಟವಿಜ್ಞಾನಿ ಉತಿದಾ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು. ಕಾಳು ಹೇರಳವಾಗಿದ್ದರೆ ಹುಟ್ಟುವುದು ಕೂತಲ್ಲೇ ಇರುವ ಬಗೆ. ಒಂದೇ ಕಡೆ ಮರಿಗಳು ಕಿಕ್ಕಿರಿದು ಕಾಳಿನೊಳಗೆ ಬಿಸಿ ಏರಿದರೆ ಹಾರುವ ಬಗೆ ಹುಟ್ಟತೊಡಗುತ್ತದೆ. ಹಾರುವ ಬಗೆಗೆ ಮೈಯಲ್ಲಿ ಕೊಬ್ಬು ಹೆಚ್ಚು, ಆಯುಷ್ಯ ಹೆಚ್ಚು, ಮೊಟ್ಟೆ ಮಾತ್ರ ಕಡಿಮೆ. ಅದನ್ನೂ ತಡವಾಗಿ ಇಡುತ್ತದೆ. ಅಂದರೆ ರೆಕ್ಕೆಗೆ ಬೆಲೆ ಇದೆ, ಆ ಬೆಲೆಯನ್ನು ಮೊಟ್ಟೆಯಲ್ಲಿ ಕಟ್ಟಬೇಕು. ಕಾಳಿನ ಕತ್ತಲೆಯಲ್ಲಿ ಹುಟ್ಟಿದ ಈ ಹುಳ ಹಾರಲು ನಿರ್ಧಾರವಾದ ಕೂಡಲೇ ಬಾನಾಡಿಯ ಲೆಕ್ಕಕ್ಕೆ ಒಂದು ಹೆಜ್ಜೆ ಹತ್ತಿರ ಬರುತ್ತದೆ: ಮೊಟ್ಟೆ ಕಡಿಮೆ, ದೂರ ಹೆಚ್ಚು.

ನುಸಿ ಹಾರಿ ಎಲ್ಲಿಗೆ ಹೋಗುತ್ತದೆ? ಹೊಲಕ್ಕೆ. ಬಲಿಯುತ್ತಿರುವ ಕಾಯಿಯ ಮೇಲೆ ಮೊಟ್ಟೆ ಇಟ್ಟು, ಸುಗ್ಗಿಯ ಜೊತೆ ಮತ್ತೆ ನಮ್ಮ ಮನೆಗೇ ಬರುತ್ತದೆ. ನುಸಿ ಮನೆಯಲ್ಲಿ ಹುಟ್ಟಿತು ಅಂತ ನಾವು ಗೊಣಗುತ್ತೇವೆ, ಎಷ್ಟೋ ಸಲ ನಾವೇ ಗಾಡಿಯಲ್ಲಿ ಹೇರಿಕೊಂಡು ಬಂದಿರುತ್ತೇವೆ. ಮನೆಗೂ ಹೊಲಕ್ಕೂ ನಡುವಿನ ಆ ಗಾಳಿಯೇ ಬಾನಾಡಿಯ ಅಡುಗೆಮನೆ. ಬಾನಾಡಿಗಳ ಆಹಾರದಲ್ಲಿ ಸಣ್ಣ ದುಂಬಿಗಳೂ ಸೇರಿವೆ. ಎರಡೂ ಜೀವಿಗಳು ಎದುರಾಗುವ ಸ್ಥಳ ಇದ್ದರೆ ಇದೇ.

ಈಗ ಹೆಸರಿನ ಪ್ರಶ್ನೆಗೆ ಬರ್ತೀನಿ. 1758ರಲ್ಲಿ ಲಿನೇಯಸ್ ತನ್ನ ಸಿಸ್ಟಮಾ ನ್ಯಾಚುರೇ ಗ್ರಂಥದ ಹತ್ತನೆಯ ಆವೃತ್ತಿ ಪ್ರಕಟಿಸಿದ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಅಲ್ಲಿಂದಲೇ ಶುರು. ಒಂದೇ ಪುಸ್ತಕದಲ್ಲಿ ಅವನು ಕಾಳಿನ ನುಸಿಯ ಒಂದು ಪ್ರಭೇದವನ್ನು ಮೂತಿಹುಳಗಳ ಗುಂಪಿಗೆ ಸೇರಿಸಿದ, ಯುರೋಪಿನ ಬಾನಾಡಿಯನ್ನು ಕವಲುತೋಕೆಗಳ ಗುಂಪಿಗೆ ಸೇರಿಸಿದ. ಎರಡೂ ತಪ್ಪು ಅಂತ ಆಮೇಲೆ ಗೊತ್ತಾಯಿತು. ಕಾಳಿನ ನುಸಿ ಎಲೆ ತಿನ್ನುವ ದುಂಬಿಗಳ ಕುಟುಂಬದ್ದು. ಬಾನಾಡಿ ಅಮೆರಿಕದ ಹಮ್ಮಿಂಗ್ ಬರ್ಡಿನ ಬಳಗ. ಕವಲುತೋಕೆ ಗುಬ್ಬಿ, ಪಿಕಳಾರಗಳ ಬಳಗ. ಕವಲುತೋಕೆಯೂ ಬಾನಾಡಿಯೂ ಗಾಳಿಯಲ್ಲಿ ಹುಳ ಹಿಡಿಯುವ ಒಂದೇ ಬದುಕು ಬದುಕಿ ಒಂದೇ ರೂಪಕ್ಕೆ ಬಂದಿವೆ, ಅಷ್ಟೇ. ಗುರುತು ಹಿಡಿಯಲು ಒಂದು ಸುಲಭ ಉಪಾಯ ಇದೆ: ಕರೆಂಟಿನ ತಂತಿಯ ಮೇಲೆ ಸಾಲಾಗಿ ಕೂತಿದ್ದರೆ ಅದು ಬಾನಾಡಿ ಅಲ್ಲ.

ಲಿನೇಯಸ್ ಮಾಡಿದ್ದನ್ನೇ ನಮ್ಮ ಭಾಷೆಯೂ ಮಾಡಿದೆ. ಮೂತಿ ಇರಲಿ ಇಲ್ಲದಿರಲಿ, ಕಾಳು ತಿಂದರೆ ನುಸಿ. ಬಾನಾಡಿಯೋ ಕವಲುತೋಕೆಯೋ, ಮೇಲೆ ಹಾರಿದರೆ ಹಕ್ಕಿ. ಪಠ್ಯಪುಸ್ತಕ ಬರೆಯುವವರಿಗೆ ಪ್ರತ್ಯೇಕ ಹೆಸರು ಬೇಕಾದಾಗ ಅವರು ಎಲ್ಲಿಗೆ ಹೋದರು ನೋಡಿ. ದುಂಬಿ ಅನ್ನೋದು ನಮ್ಮ ಕಾವ್ಯದಲ್ಲಿ ತಾವರೆಯ ಸುತ್ತ ಝೇಂಕರಿಸುವ ಭೃಂಗ. ಅದನ್ನು ತಂದು ಬೀಟಲ್‌ಗೆ ಕೊಟ್ಟರು. ಬಾನಾಡಿ ಅನ್ನೋದು ಕಾವ್ಯದಲ್ಲಿ ಯಾವ ಹಕ್ಕಿಗೂ ಸಲ್ಲುವ ಮಾತು. ಅದನ್ನು ತಂದು ಸ್ವಿಫ್ಟ್‌ಗೆ ಕೊಟ್ಟರು. ಎರಡೂ ಕಾವ್ಯದ ಉಗ್ರಾಣದಿಂದ ಸಾಲ ತಂದ ಪದಗಳು. ಆದರೆ ಒಂದು ವ್ಯತ್ಯಾಸ ಇದೆ. ದುಂಬಿ ಅನ್ನೋ ಸಾಲದ ಪದದ ಅಡಿಯಲ್ಲಿ ನುಸಿ ಅನ್ನೋ ಮನೆಮಾತು ಗಟ್ಟಿಯಾಗಿ ಕೂತಿದೆ. ಬಾನಾಡಿಯ ಅಡಿಯಲ್ಲಿ ನಮ್ಮ ಮನೆಯಲ್ಲಂತೂ ಏನೂ ಇಲ್ಲ.

ಇದನ್ನು ನಾನು ಅಜ್ಜಿಯ ಹತ್ತಿರ ಪರೀಕ್ಷೆ ಮಾಡಿದೆ. ಮೊರದಲ್ಲಿ ಕಡಲೆ ಆರಿಸುತ್ತಾ ಕೂತಿದ್ದ ಅವರು ಹುಳದ ಬಗ್ಗೆ ಕೇಳಿದ್ದಕ್ಕೆ ಅರ್ಧ ಗಂಟೆ ಮಾತಾಡಿದರು. ನುಸಿ ಹತ್ತುವುದು, ಹಿಟ್ಟು ಉದುರುವುದು, ಕಾಳು ಡೊಗರಾಗುವುದು, ಬಿತ್ತನೆಯ ತೊಗರಿಗೆ ಕೆಮ್ಮಣ್ಣು ಬಳಿಯುವುದು, ಬೂದಿ ಬೆರೆಸುವುದು, ಔಡಲ ಎಣ್ಣೆ ಸವರುವುದು, ಬೇವಿನ ಎಲೆ ಹಾಕಿ ಬಿಸಿಲು ತೋರಿಸುವುದು, ಹಗೇವಿನ ಬಾಯಿ ಮುಚ್ಚುವುದು. ಎಲ್ಲವೂ ಕನ್ನಡದಲ್ಲಿ. ಬೀದಿಯಲ್ಲಿ ಪುರುಗು ಅನ್ನುವ ಅದೇ ಬಾಯಿ ಮೊರದ ಮುಂದೆ ನುಸಿ ಅನ್ನುತ್ತದೆ. ಆಮೇಲೆ ತಾಳೆಮರದ ಹಕ್ಕಿಯ ಚಿತ್ರ ತೋರಿಸಿ ಇದಕ್ಕೆ ಏನಂತೀರಿ ಅಂದೆ. ಅವರು ನಕ್ಕು ಅಂದದ್ದು ಇಷ್ಟೇ: "ಮೊರಕ್ಕ ಬರಲಾರದ ಹಕ್ಕಿಗೆ ಹೆಸರು ಯಾತಕ್ಕ ಬೇಕು ಯವ್ವಾ?"

ಈ ಮಾತನ್ನೇ ಸಿದ್ಧಾಂತ ಮಾಡಿಕೊಂಡು, ಮನೆಗೆ ಹತ್ತಿರವಾದದ್ದಕ್ಕೆ ಹೆಸರು, ದೂರದ್ದಕ್ಕೆ ಇಲ್ಲ ಅಂತ ಮೊದಲ ಕರಡಿನಲ್ಲಿ ಬರೆದಿದ್ದೆ. ಗೆಳತಿಯೊಬ್ಬಳು ಓದಿ ಎರಡು ಪ್ರಶ್ನೆ ಹಾಕಿದಳು. ಹದ್ದು ಮನೆಗೆ ಬರುತ್ತಾ, ಅದಕ್ಕೆ ಹೆಸರಿದೆಯಲ್ಲ? ಮನೆ ಬಾನಾಡಿ ಅಂತ ಇನ್ನೊಂದು ಹಕ್ಕಿ ಗುಡಿ, ಮಸೀದಿ, ಹಳೆಯ ಕಟ್ಟಡದ ಸೂರಿನಲ್ಲೇ ಗೂಡು ಕಟ್ಟುತ್ತದೆ, ಅದನ್ನು ನಿಮ್ಮಜ್ಜಿ ಹೆಸರು ಹಿಡಿದು ಕರೀತಾರಾ? ಎರಡೂ ನ್ಯಾಯವಾದ ಪ್ರಶ್ನೆಗಳೇ. ನನ್ನ ವಾದ ತಿದ್ದಿಕೊಳ್ಳಬೇಕಾಯಿತು. ಹತ್ತಿರ, ದೂರ ಮುಖ್ಯ ಅಲ್ಲ, ವ್ಯವಹಾರ ಮುಖ್ಯ. ಹದ್ದು ಕೋಳಿಮರಿ ಎತ್ತುತ್ತದೆ, ಕಾಗೆ ಪಿಂಡ ಮುಟ್ಟಬೇಕು, ನುಸಿ ಬೀಜ ಕೆಡಿಸುತ್ತದೆ. ಇವುಗಳ ಜೊತೆ ನಮಗೆ ಕೊಡುಕೊಳ್ಳುವುದು ಇದೆ, ಜಗಳ ಇದೆ. ಬಾನಾಡಿ ನಮ್ಮಿಂದ ಏನೂ ಕಸಿಯುವುದಿಲ್ಲ, ಅದು ಕೊಡುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಗಾಳಿಯಲ್ಲಿ ಅದು ಹಿಡಿದ ಹುಳವನ್ನು ಯಾರೂ ಮೊರದಲ್ಲಿ ಎಣಿಸಿಲ್ಲ. ನಿಘಂಟು ಜೀವಿಗಳ ಪಟ್ಟಿ ಅಲ್ಲ, ನಮ್ಮ ವ್ಯವಹಾರಗಳ ಪಟ್ಟಿ. ಪದ ಇಲ್ಲ ಅಂದ ಮಾತ್ರಕ್ಕೆ ಅಲ್ಲಿ ಜೀವಿ ಇಲ್ಲ ಅಂತಲೂ ಅಲ್ಲ, ಉಪಕಾರ ಇಲ್ಲ ಅಂತಲೂ ಅಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಎರಡು ಜೀವಿಗಳು ಇನ್ನೊಂದು ಕಡೆಯೂ ಸಿಗುತ್ತವೆ. ತಾಳೆಗರಿ ಅಂದರೆ ನಮಗೆ ಓಲೆ. ಬಾನಾಡಿ ಮೊಟ್ಟೆ ಅಂಟಿಸುವ ಗರಿಯನ್ನೇ ಕೊಯ್ದು, ಹದ ಮಾಡಿ, ಕಂಠದಿಂದ ಕೊರೆದು ನಮ್ಮ ಹಿರಿಯರು ಕಾವ್ಯ ಉಳಿಸಿದರು. ಆ ಓಲೆಗೆ ಶತ್ರು ಯಾರು? ಮತ್ತೆ ಪುಟ್ಟ ದುಂಬಿಗಳೇ. ಕಾಳಿನ ನುಸಿಯಲ್ಲ, ಅದರ ದೂರದ ನೆಂಟರು, ಓಲೆಯನ್ನೂ ಹಲಗೆಯನ್ನೂ ಕೊರೆಯುವ ಜಾತಿಯವು. ಹುಳು ಕೊರೆದ ದಾರಿ ಅಕಸ್ಮಾತ್ತಾಗಿ ಅಕ್ಷರದಂತೆ ಕಾಣುವುದಕ್ಕೆ ಘುಣಾಕ್ಷರ ನ್ಯಾಯ ಅಂತ ಶಾಸ್ತ್ರದಲ್ಲಿ ಹೆಸರೇ ಇದೆ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಚುಕ್ಕೆ ಹಾಕಿ ಬಿಡುವ ಎಷ್ಟೋ ಜಾಗಗಳು ಹುಳದ ಊಟ. ಇಲ್ಲೂ ಅದೇ ಕಥೆ: ಓಲೆ ತಿಂದ ಹುಳಕ್ಕೆ ನ್ಯಾಯಶಾಸ್ತ್ರದಲ್ಲಿ ಸ್ಥಾನ ಸಿಕ್ಕಿತು, ಓಲೆಯ ಅಡಿಯಲ್ಲಿ ಸಂಸಾರ ಮಾಡಿದ ಹಕ್ಕಿಗೆ ಸಿಗಲಿಲ್ಲ. ಈ ಕೊರತೆಯನ್ನು ನಮ್ಮ ಕಾಲದಲ್ಲಿ ತುಂಬಲು ಹೊರಟವರಲ್ಲಿ ಪೂರ್ಣಚಂದ್ರ ತೇಜಸ್ವಿ ಮುಖ್ಯರು. ಅವರ ಒಂದು ಹಕ್ಕಿ ಪುಸ್ತಕದ ಹೆಸರು ಹೆಜ್ಜೆ ಮೂಡದ ಹಾದಿ. ನೆಲಕ್ಕಿಳಿಯದ ಬಾನಾಡಿಗೆ ಇದಕ್ಕಿಂತ ಒಪ್ಪುವ ಮಾತು ನನಗೆ ಹೊಳೆದಿಲ್ಲ.

ಕೊನೆಯದಾಗಿ, ಇದರಿಂದ ನಮಗೆ ಏನಾಗಬೇಕು? ಗಡಿನಾಡಿನವರು ಸೇರಿದ ಕಡೆಯೆಲ್ಲ ಕನ್ನಡ ಹೋಗ್ತಾ ಇದೆ ಅನ್ನೋ ಮಾತು ಬರುತ್ತೆ, ದೂರು ತೆಲುಗಿನ ಮೇಲೆ ಬೀಳುತ್ತೆ. ಶಾಲೆಯ ಭಾಷೆಯ ಪ್ರಭಾವ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನುಸಿಯನ್ನು ಇಟ್ಟುಕೊಂಡು ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಅಜ್ಜಿಯ ಅರ್ಧ ಗಂಟೆಯ ಮಾತಿನಲ್ಲಿ ನನಗೆ ಕೇಳಿ ಗೊತ್ತಿದ್ದ ಪದ ಅರ್ಧ, ನಾನು ಬಳಸುವ ಪದ ಎರಡೋ ಮೂರೋ. ಇವನ್ನು ತೆಲುಗು ಬಂದು ಓಡಿಸಿಲ್ಲ. ನಾನು ಆ ಪದಗಳಿಗೆ ಬದಲಾಗಿ ತೆಲುಗು ಪದಗಳನ್ನು ಬಳಸುವುದೂ ಇಲ್ಲ. ನಮ್ಮ ಮನೆಗೆ ಬೇಳೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಬೀಜ ಅಂಗಡಿಯಿಂದ ಬರುತ್ತದೆ. ಕೆಮ್ಮಣ್ಣು ಬಳಿಯುವ ಕೆಲಸ ನಿಂತಿತು, ಆ ಕೆಲಸದ ಮಾತೂ ನಿಂತಿತು. ಹಗೇವು ಮುಚ್ಚಿದ ದಿನ ಅದರೊಳಗೆ ಕಾಳಿನ ಜೊತೆ ಒಂದಿಷ್ಟು ಕನ್ನಡವೂ ಮುಚ್ಚಿಹೋಯಿತು. ಹಾಗಾಗಿ ಗಡಿನಾಡಿನ ಪದ ಸಂಗ್ರಹಕ್ಕೆ ಹೋಗುವವರು ಇದಕ್ಕೆ ಏನಂತೀರಿ ಅಂತ ಚೀಟಿ ಹಿಡಿದು ಕೇಳಿದರೆ ಸಾಲದು. ಮೊರದ ಪಕ್ಕ ಕೂತು, ಕಾಳು ಆರಿಸುತ್ತಾ ಕೇಳಬೇಕು. ಪದ ಕೈಕೆಲಸದ ಜೊತೆ ಬರುತ್ತದೆ.

ಬಾನಾಡಿಯ ವಿಷಯದಲ್ಲಿ ಕೆಲಸ ಉಲ್ಟಾ. ಅಲ್ಲಿ ಹಳೆಯ ಪದ ಹುಡುಕೋದಲ್ಲ, ಹೊಸ ವ್ಯವಹಾರ ಶುರು ಮಾಡಬೇಕು. ನೋಡುವುದೂ ಒಂದು ವ್ಯವಹಾರವೇ. ನಮ್ಮ ಹೊಲದ ಬದುವಿನಲ್ಲಿ ನಾನು ಚಿಕ್ಕವಳಿದ್ದಾಗ ಕಂಡ ತಾಳೆಮರಗಳಲ್ಲಿ ಈಗ ಎರಡು ಉಳಿದಿವೆ. ಕಡಿಯುವವರಿಗೆ ಅಲ್ಲಿ ಯಾರೋ ಇದ್ದಾರೆ ಅಂತ ಹೇಳಬೇಕಾದರೆ ಮೊದಲು ಆ ಯಾರೋಗೆ ಒಂದು ಹೆಸರು ಬೇಕು. ಹೆಸರಿಲ್ಲದವರ ಪರವಾಗಿ ವಾದ ಮಾಡೋದು ಕಷ್ಟ. ಬಾನಾಡಿ ಅನ್ನೋದು ಪುಸ್ತಕದ ಪದವೇ ಇರಬಹುದು, ಸಾಲದ್ದೇ ಇರಬಹುದು. ಬಳಸಿದರೆ ನಮ್ಮದಾಗುತ್ತದೆ. ಕಳೆದ ರಜೆಯಲ್ಲಿ ಸಂಜೆ ಅಜ್ಜಿಯನ್ನು ಆ ಎರಡು ಮರಗಳ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಸ್ವಲ್ಪ ಹೊತ್ತು ಕೈ ಅಡ್ಡ ಹಿಡಿದು ನೋಡಿ, "ಲಾಳಿ ಓಡಿದಂಗ ಓಡ್ತಾವಲ್ಲ" ಅಂದರು. ಲಾಳಿಹಕ್ಕಿ ಅಂತ ಕರೆಯೋಣವಾ ಅಂದೆ. ಬೇಡ ಅನ್ನಲಿಲ್ಲ.

ನಿಮ್ಮ ಊರುಗಳಲ್ಲಿ ಈ ಹಕ್ಕಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ, ನನ್ನ ವಾದವನ್ನು ಇನ್ನೊಮ್ಮೆ ಸಂತೋಷವಾಗಿ ತಿದ್ದಿಕೊಳ್ತೀನಿ.